ಒಂಬತ್ತು ನೂಲು

ರಾಸ್ತೆ ಪೇಠೆಯ ತಗಡಿನ ಶೆಡ್ಡಿನಲ್ಲಿ
ಮೈಯೆಲ್ಲ ಬಿಚ್ಚಿಟ್ಟು ನಿಂತಿತ್ತು ಗುಪ್ತೆ ವಕೀಲರ ಫ್ರೆಂಚ್ ಗಾಡಿ.
ಸೀಟು ಗೋಡೆಗೆ ಒರಗಿ, ಬಾನೆಟ್ಟು ಬಾವಿಕಟ್ಟೆಯ ಮೇಲೆ,
ಉಳಿದದ್ದು ಎರಡು ಉದ್ದನೆಯ ಉಕ್ಕಿನ ದೋಣಿ,
ನಡುವೆ ನಾಲ್ಕು ಅಡ್ಡಪಟ್ಟಿ:
ಏಣಿಯೊಂದನ್ನು ಮಲಗಿಸಿ ಗಾಲಿ ಕಟ್ಟಿದ ಹಾಗೆ.

ದೂರು ಇಷ್ಟೇ. ಕತ್ರಜ್ ಘಾಟಿನ ಮೂರನೆಯ ತಿರುವಿನಲ್ಲಿ
ಎಡಗಡೆಯ ಬಾಗಿಲು ತಾನೇ ತೆರೆದುಕೊಳ್ಳುತ್ತದೆ.
ವಕೀಲರ ತಾಯಿ ದ್ವಾರಕಾಬಾಯಿ
ಶಿರವಳದ ತನಕ ಅದರ ಹಿಡಿ ಹಿಡಿದೇ ಕೂರುತ್ತಾರೆ.

ಮೋನಪ್ಪ ಪತ್ತಾರ, ಗಜೇಂದ್ರಗಡದವನು,
ಬಾಗಿಲಿನ ಚಿಲಕ ಮುಟ್ಟಿಯೂ ನೋಡಲಿಲ್ಲ.
'ತಪ್ಪು ಬಾಗಲದ್ದಲ್ಲೋ, ಚೌಕಟ್ಟು ಮೈ ಮುರೀತೈತಿ' ಅಂದ.
ನನ್ನ ಕೈಗೆ ಎರಡೆಳೆ ನೂಲು ಕೊಟ್ಟ,
ಮೂಲೆಯಿಂದ ಮೂಲೆಗೆ ಕಟ್ಟಿಸಿದ.
ನಟ್ಟನಡುವೆ ಒಂದನ್ನೊಂದು ಮುಟ್ಟಿದವು.
ಮುಂದಿನ ಎಡಗಾಲಿಯ ಕೆಳಗೆ ಗೇಣೆತ್ತರದ ಕೊರಡು ನುಗ್ಗಿಸಿದರೆ
ನರಳಿ, ತಿರುಚಿಕೊಂಡಿತು ಚೌಕಟ್ಟು;
ಎಳೆಗೂ ಎಳೆಗೂ ನಡುವೆ ಬೆಳಕು ಬಂತು.
ಅಳೆದೆ: ಒಂಬತ್ತು ನೂಲು.
ನೂಲಿನ ಸಂದನ್ನು ನೂಲಿನಲ್ಲೇ ಅಳೆಯುವ ಭಾಷೆ ನಮ್ಮದು,
ಇಂಚಿಗೆ ಎಂಟು.
ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದೆ, ೯.

ಮೊದಲು ಸಾಗವಾನಿ.
ದೋಣಿಯ ಹೊಟ್ಟೆಗೆ ಹೊಂದುವಂತೆ ಕೆತ್ತಿ, ಎಣ್ಣೆ ಕುಡಿಸಿ,
ಬೋಲ್ಟು ಬಿಗಿದೆವು. ಏಳು.
ಶ್ರಾವಣದಲ್ಲಿ ಮರ ನೀರು ಕುಡಿದು ಉಬ್ಬಿ
ನಡುರಾತ್ರಿ ಎರಡು ರಿವೆಟ್ಟು ಟಪ್ಪೆಂದು ಹಾರಿದವು;
ಪಕ್ಕದ ಬೋಹರಿ ಮುದುಕ ಪಟಾಕಿ ಯಾರದೆಂದು ಬೈದ.
ಗೋಡೆಯ ಏಳನ್ನು ಮೋನಪ್ಪ ಅಂಗೈಯಲ್ಲಿ ಉಜ್ಜಿ ಅಳಿಸಿದ.

ಆಮೇಲೆ ಹೊಟ್ಟೆಯ ಕೆಳಗೆ ಸರಳು,
ಬಿಲ್ಲಿಗೆ ಹೆದೆ ಕಟ್ಟಿದಂತೆ, ನಡುವೆ ತಿರುಪು.
ತಿರುಪು ಬಿಗಿದಷ್ಟೂ ನಡು ಎದ್ದಿತು,
ಹತ್ತು ಚೀಲ ಜೋಳ ಹೇರಿದರೂ ಕುಗ್ಗಲಿಲ್ಲ.
ಕೊರಡು ನುಗ್ಗಿಸಿದರೆ ಮತ್ತೆ ಒಂಬತ್ತು.
'ಬಾಗೂದು ಬ್ಯಾರೆ, ತಿರುಚೂದು ಬ್ಯಾರೆ' ಅಂದವನು
ಅವತ್ತು ಊಟಕ್ಕೆ ಏಳಲಿಲ್ಲ.

ಹೇಳಿಕೊಡಲು ಯಾರಿದ್ದರು ಅವನಿಗೆ?
ಗಾಡಿಯ ಜೊತೆ ಬಂದ ಪುಸ್ತಕದಲ್ಲಿ
ಫ್ರೆಂಚರು ಗ್ರೀಸಿನ ಬಗ್ಗೆ ಮಾತ್ರ ಬರೆದಿದ್ದರು.
ಬೀಡಿಗೆಂದು ಕಡ್ಡಿಪೆಟ್ಟಿಗೆ ತೆಗೆದ,
ಒಳಗಿನ ತಟ್ಟೆಯನ್ನು ಹೊರಗೆಳೆದು ಎರಡು ಬೆರಳಲ್ಲಿ ತಿರುಚಿದ.
ತಿರುಗಿತು, ಒಣಗದ ಹಪ್ಪಳದಂತೆ.
ಕೋಶಕ್ಕೆ ನೂಕಿ ತಿರುಚಿದ.
ತಿರುಗಲಿಲ್ಲ.
ಮತ್ತೆ ಎಳೆದ. ಮತ್ತೆ ನೂಕಿದ.
ಕಡ್ಡಿಯೆಲ್ಲ ನೆಲದ ಮೇಲೆ, ಬೀಡಿ ಕಿವಿಯ ಮೇಲೆಯೇ.

ಖಡಕಿ ಕಾರ್ಖಾನೆಯ ರದ್ದಿ ತಗಡು,
ಹನ್ನೆರಡು ದಿನ, ಆರುನೂರ ಹದಿನಾರು ರಿವೆಟ್ಟು.
ಅವನು ಬಡಿದ, ನಾನು ಹಿಡಿದೆ, ಕಿವಿ ಇಬ್ಬರದೂ ಹೋಯಿತು.
ದೋಣಿಗಳ ತೆರೆದ ಬಾಯಿ ಮುಚ್ಚಿದೆವು.
ಕೊರಡು. ನೂಲು. ಎರಡು.
ನನಗೆ ಪುಟಾಣಿ ತಂದುಕೊಟ್ಟ, ತಾನೊಂದೂ ತಿನ್ನಲಿಲ್ಲ.

ಘಾಟಿನಲ್ಲಿ ಬಾಗಿಲು ಕದಲಲಿಲ್ಲ, ಮೂರನೆಯ ತಿರುವಿನಲ್ಲೂ.
ಐದನೆಯದರಲ್ಲಿ ಒಳಬದಿಯ ಗಾಲಿ ನೆಲ ಬಿಟ್ಟು
ಗಾಳಿಯಲ್ಲಿ ಸುಮ್ಮನೆ ತಿರುಗಿದ್ದನ್ನು
ಫುಟ್‌ಬೋರ್ಡಿನ ಮೇಲಿದ್ದ ನಾನು ಕಂಡೆ.
ಮತ್ತೆ ನೆಲ ತಾಗಿದಾಗ ಕೆಳಗೇನೋ ಲಟಕ್ಕೆಂದಿತು:
ಹಿಂದಿನ ಕಮಾನುಪಟ್ಟಿಯ ಮೂರನೆಯ ಎಲೆ.
ಇಷ್ಟು ವರ್ಷ ಮೈ ಮುರಿದು ಮುರಿದು
ರಸ್ತೆಯ ಪೆಟ್ಟು ನುಂಗುತ್ತಿದ್ದ ಚೌಕಟ್ಟು
ಈಗ ಅದನ್ನು ಬೇರೆಯವರ ತಲೆಗೆ ಕಟ್ಟಿತ್ತು.
ವಕೀಲರು ಗಡಿಯಾರ ನೋಡಿದರು.
ಗಾಡಿಯ ಕೆಳಗೆ ಮಲಗಿದ ಮೋನಪ್ಪ
ತುಂಬ ಹೊತ್ತು ಈಚೆ ಬರಲಿಲ್ಲ.

ಶೆಡ್ಡಿಗೆ ಬಂದು, ತಾನೇ ಬಡಿದ ರಿವೆಟ್ಟುಗಳ ತಲೆ ಹಾರಿಸಿ
ಹಿಂದಿನ ಎರಡು ಮೊಳ ತಗಡು ಕಿತ್ತ.
ಉಳಿದದ್ದರ ತುದಿಯನ್ನು ಮೀನಬಾಲದಂತೆ ಸೀಳಿ ಕತ್ತರಿಸಿದ,
ಗಟ್ಟಿ ಎಲ್ಲಿ ಮುಗಿದು ಮೆತ್ತಗೆ ಎಲ್ಲಿ ಶುರುವೆಂದು
ಉಕ್ಕಿಗೆ ಗೊತ್ತಾಗದಂತೆ.
ನಾಲ್ಕು.
ಎರಡು ಬಂದಿತ್ತಲ್ಲ ಅಂದೆ.
'ನಾಕಿರಲಿ' ಅಂದ, ಬೀಡಿ ಹಚ್ಚಿದ.

ದಸರೆಗೆ ಗಾಡಿ ಘಾಟು ಹತ್ತಿತು.
ಮೂರನೆಯ ತಿರುವಿನಲ್ಲಿ ದ್ವಾರಕಾಬಾಯಿಯ ಕೈ
ತಾನಾಗಿ ಹೋಗಿ ಹಿಡಿಯನ್ನು ಹಿಡಿಯಿತು.
ಬಾಗಿಲು ಸುಮ್ಮನಿತ್ತು.
ಶಿರವಳದ ತನಕ ಆಕೆ ಬಿಡಲಿಲ್ಲ.